ದಿನಾ ಬಾಗಿಲಿಗೆ ಭುಜ ಬಡಿಯುತ್ತೆ, ಇದೂ ಎಡಿಎಚ್‌ಡಿನಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಅಂತ ಗೊತ್ತಾಗಿ ಎರಡು ವರ್ಷವಾಯಿತು. ನಿಂತಲ್ಲಿ ನಿಲ್ಲೋಕೆ ಆಗಲ್ಲ, ಕಾಲು ಬದಲಿಸುತ್ತಲೇ ಇರುತ್ತೇನೆ. ಬಾಗಿಲ ಚೌಕಟ್ಟಿಗೆ ಭುಜ ಬಡಿಯುವುದು ದಿನಾ ಇದ್ದದ್ದೇ. ನಿಂತು ಪ್ಯಾಂಟ್ ಹಾಕಿಕೊಳ್ಳಲು ಗೋಡೆ ಬೇಕು. ಚಿಕ್ಕಂದಿನಿಂದಲೂ ಹೀಗೇ. ಮನೆಯಲ್ಲಿ "ನೋಡ್ಕೊಂಡು ನಡಿ" ಅಂತಾರೆ. ಇಲ್ಲಾ ನಾನೇ ಎಲ್ಲವನ್ನೂ ಎಡಿಎಚ್‌ಡಿ ತಲೆಗೆ ಕಟ್ಟುತ್ತಿದ್ದೇನಾ?

ಉತ್ತರ (ಫಿಸಿಯೋಥೆರಪಿಸ್ಟ್): ಇಲ್ಲ, ಸಂಬಂಧ ಇರಬಹುದು. ಸುಮ್ನೆ ನಿಂತಾಗಲೂ ಎಲ್ಲರ ಮೈ ಕೂದಲೆಳೆಯಷ್ಟು ತೂಗುತ್ತಿರುತ್ತದೆ. ಪಾದದ ಒತ್ತಡ ಅಳೆಯುವ ಹಲಗೆ ಮೇಲೆ ನಿಲ್ಲಿಸಿ ನೋಡಿದಾಗ, ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಈ ತೂಗಾಟ ಸರಾಸರಿಗಿಂತ ಜಾಸ್ತಿ ಕಂಡಿದೆ. ಎಲ್ಲರಲ್ಲೂ ಅಲ್ಲ.

ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳು, ಇಷ್ಟೂ ಕಡೆಯಿಂದ ಬರುವ ಸುದ್ದಿಯನ್ನು ಹೊಂದಿಸುವುದರಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ಎಡಿಎಚ್‌ಡಿಯಲ್ಲಿ ಆ ಭಾಗದಲ್ಲೂ ವ್ಯತ್ಯಾಸಗಳು ಕಂಡಿವೆ. ಜೊತೆಗೆ, ನಿಲ್ಲುವುದಕ್ಕೂ ಒಂದಿಷ್ಟು ಗಮನ ಬೇಕು. ನಿಮ್ಮ ತಲೆ ಮುಂದಿನ ಕೋಣೆಯ ಕೆಲಸಕ್ಕೆ ಆಗಲೇ ಹೋಗಿರುತ್ತದೆ, ಭುಜ ಬಾಗಿಲಲ್ಲೇ ಉಳಿಯುತ್ತದೆ. ಹಾಗಾಗಿ "ನೋಡ್ಕೊಂಡು ನಡಿ" ಅನ್ನುವುದರಿಂದ ಜಾಸ್ತಿ ಉಪಯೋಗವಿಲ್ಲ.

ಅಡುಗೆಕಟ್ಟೆಯ ಪಕ್ಕ, ಕೈಗೆ ಆಸರೆ ಸಿಗುವಂತೆ, ಒಂದು ಕಾಲಿನ ಮೇಲೆ ನಿಲ್ಲಿ. ಹತ್ತು ಸೆಕೆಂಡಿನಿಂದ ಶುರು ಮಾಡಿ. ಅದು ಸಲೀಸಾದರೆ 100ರಿಂದ ಏಳೇಳು ಕಳೆಯುತ್ತಾ ನಿಲ್ಲಿ. ನಿಮಗೆ ಬೇಕಿರುವ ಅಭ್ಯಾಸ ಇದೇ. ಕಣ್ಣು ಮುಚ್ಚಿ ಮಾಡಿದರೆ ಯಾರೇ ಆದರೂ ಬೇಗ ತೂರಾಡುತ್ತಾರೆ, ಅದನ್ನು ನೋಡಿ ಹೆದರಬೇಡಿ. ಪ್ಯಾಂಟನ್ನು ಕೂತು ಹಾಕಿಕೊಳ್ಳಿ, ಅದರಲ್ಲೇನು ಅವಮಾನ! ಕಾಲು ಬದಲಿಸುವುದನ್ನಂತೂ ಬಿಡಬೇಕಿಲ್ಲ.

ಇನ್ನೊಬ್ಬರು: ಮೇಡಂ, ನನಗೆ ಎಡಿಎಚ್‌ಡಿ ಮಾತ್ರೆ ಶುರುವಾದ ಮೇಲೆ ಎದ್ದು ನಿಂತರೆ ತಲೆ ಸುತ್ತುತ್ತೆ. ಇದೂ ಅದೇನಾ?

ಉತ್ತರ: ಅಲ್ಲ ಅನ್ನಿಸುತ್ತದೆ. ಆಟೊಮಾಕ್ಸೆಟಿನ್, ಗ್ವಾನ್‌ಫಸಿನ್ ತರಹದ ಮಾತ್ರೆಗಳಲ್ಲಿ ಎದ್ದು ನಿಂತಾಗ ಬಿಪಿ ಇಳಿಯಬಹುದು. ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ, ಮಾತ್ರೆ ಬರೆದ ಡಾಕ್ಟರಿಗೆ ತಿಳಿಸಿ. ನೀವೇ ನಿಲ್ಲಿಸಬೇಡಿ. ಗ್ವಾನ್‌ಫಸಿನ್ ದಿಢೀರ್ ಬಿಟ್ಟರೆ ಬಿಪಿ ಏರುವ ಅಪಾಯವಿದೆ.

ಮೊದಲು ಕೇಳಿದವರಿಗೂ ಒಂದು ಮಾತು. ನಿಮ್ಮದು ಹಳೇ ಅಭ್ಯಾಸ, ಪರವಾಗಿಲ್ಲ. ಆದರೆ ಇದ್ದಕ್ಕಿದ್ದಂತೆ ಓಲಾಡಿದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ, ಇಲ್ಲಿ ಬರೆಯುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಸರಿ ಮೇಡಂ. ಈಗಷ್ಟೇ ನಿಂತು ನೋಡಿದೆ, 79ಕ್ಕೇ ಕಾಲು ಕೆಳಗೆ ಬಂತು.