ಬಣ್ಣದ ಪರದೆ ಇದ್ದದ್ದೇ ಸೋತದ್ದೇಕೆ? ಹ್ಯಾಂಡ್‌ಹೆಲ್ಡ್ ಗೇಮ್ ರಿಪೇರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬಿಬಿಎ ವಿದ್ಯಾರ್ಥಿ, ಬೆಂಗಳೂರು): ಸರ್, ನಮಸ್ಕಾರ. ಸೆಮಿನಾರ್‌ಗೆ ನನಗೆ ಬಂದಿರುವ ವಿಷಯ ‘ವಿಡಿಯೋ ಗೇಮ್ ಉದ್ಯಮದಲ್ಲಿ ಪೈಪೋಟಿ’. 1990ರ ಸುಮಾರಿಗೆ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳಲ್ಲಿ, ನಿಂಟೆಂಡೊ ಗೇಮ್ ಬಾಯ್ ಎದುರು ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್ ನಿಂತಿದ್ದವು. ಆ ಎರಡಕ್ಕೂ ಬಣ್ಣದ ಪರದೆ, ಪರದೆಯ ಹಿಂದೆ ಬೆಳಕು. ಗೇಮ್ ಬಾಯ್‌ಗೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ. ಗೆದ್ದದ್ದು ಮಾತ್ರ ಅದೇ. ನಮ್ಮ ಉಪನ್ಯಾಸಕರು ‘ಬ್ರ್ಯಾಂಡ್ ಬಲ’ ಎಂದು ಹೇಳಿ ಮುಂದಕ್ಕೆ ಹೋದರು. ಇವುಗಳನ್ನೆಲ್ಲ ಬಿಚ್ಚಿ ನೋಡಿದವರು ನೀವು. ನಿಮ್ಮ ಪ್ರಕಾರ ಕಾರಣವೇನು?

ಉತ್ತರ: ತಮ್ಮ, ನಿಮ್ಮ ಉಪನ್ಯಾಸಕರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಎರಡು ಅಂಕದ ಉತ್ತರ. ಹತ್ತು ಅಂಕದ ಉತ್ತರ ಯಂತ್ರದ ಬೆನ್ನಿನಲ್ಲಿ, ಸೆಲ್ ಹಾಕುವ ಮುಚ್ಚಳದ ಕೆಳಗಿದೆ.

ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಸಾಕು. ಹದಿನೈದು ಗಂಟೆ ಆರಾಮವಾಗಿ ಓಡುತ್ತದೆ. ಗೇಮ್ ಗೇರ್ ಆರು ಸೆಲ್ ಕೇಳುತ್ತದೆ, ಓಡುವುದು ಮೂರರಿಂದ ಐದು ಗಂಟೆ. ಲಿಂಕ್ಸ್‌ನ ಹಣೆಬರಹವೂ ಹೆಚ್ಚು ಕಡಿಮೆ ಅದೇ. ಈಗ ಲೆಕ್ಕ ಹಾಕಿ. ಬೇಸಿಗೆ ರಜೆಯಲ್ಲಿ ಒಬ್ಬ ಹುಡುಗ ಮೂವತ್ತು ಗಂಟೆ ಆಡಿದ ಎಂದುಕೊಳ್ಳೋಣ. ಗೇಮ್ ಬಾಯ್‌ಗೆ ಎಂಟು ಸೆಲ್‌ಗಳಲ್ಲಿ ಮುಗಿಯಿತು. ಗೇಮ್ ಗೇರ್‌ಗೆ ನಲವತ್ತೈದರ ಹತ್ತಿರ ಬೇಕು. ಸೆಲ್‌ಗೆ ದುಡ್ಡು ಕೊಡುವವರು ಅಪ್ಪ ಅಮ್ಮ. ಮೂರನೇ ವಾರಕ್ಕೆ ಆ ಯಂತ್ರ ಬೀರುವಿನ ಮೇಲೆ ಸೇರಿರುತ್ತದೆ.

ಇಷ್ಟೊಂದು ಸೆಲ್ ತಿನ್ನುವುದು ಯಾವುದು ಎಂದು ಕೇಳಿದಿರಾದರೆ, ಆ ಬೆಳಕೇ. ಗೇಮ್ ಗೇರ್‌ನ ಪರದೆ ಎತ್ತಿದರೆ ಹಿಂದೆ ಬೆರಳಿನಷ್ಟು ಉದ್ದದ ಒಂದು ಟ್ಯೂಬ್‌ಲೈಟ್ ಕಾಣುತ್ತದೆ. ಉತ್ಪ್ರೇಕ್ಷೆಯಲ್ಲ, ಮನೆಯ ಟ್ಯೂಬ್‌ಲೈಟಿನ ಮರಿಯೇ ಅದು. ಆರು ಸೆಲ್‌ಗಳ ಒಂಬತ್ತು ವೋಲ್ಟನ್ನು ಹತ್ತಾರು ಪಟ್ಟು ಏರಿಸಿ ಅದನ್ನು ಉರಿಸಬೇಕು. ಆಟ ನಡೆಸುವ ಚಿಪ್ಪಿಗಿಂತ ದೀಪದ ಖರ್ಚೇ ಜಾಸ್ತಿ. ಇಂದು ನಮಗೆ ಸಿಗುವ ಬಿಳಿ ಎಲ್‌ಇಡಿ ಆಗ ಇರಲೇ ಇಲ್ಲ. ಪ್ರಖರವಾದ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದೇ 1993ರಲ್ಲಿ. ಸೆಗಾದ ಎಂಜಿನಿಯರುಗಳು ದಡ್ಡರಾಗಿರಲಿಲ್ಲ. ಹತ್ತು ವರ್ಷ ಮುಂಚೆಯೇ ಬಂದುಬಿಟ್ಟರು, ಅಷ್ಟೇ.

ಬೆಲೆಯನ್ನೂ ನೋಡಿ. 1989ರಲ್ಲಿ ಅಮೆರಿಕದಲ್ಲಿ ಗೇಮ್ ಬಾಯ್ ಸುಮಾರು 90 ಡಾಲರ್, ಲಿಂಕ್ಸ್ ಸುಮಾರು 180. ಗೇಮ್ ಗೇರ್ 1991ರಲ್ಲಿ ಅಲ್ಲಿಗೆ ಬಂದಾಗ 150. ಸೆಗಾ ತನ್ನ ಜಾಹೀರಾತುಗಳಲ್ಲಿ ಗೇಮ್ ಬಾಯ್‌ನ ಮಂಕು ಪರದೆಯನ್ನು ಬಾಯಿ ತುಂಬ ಗೇಲಿ ಮಾಡಿತು. ಕೊನೆಗೆ ಗೇಮ್ ಗೇರ್ ಒಂದು ಕೋಟಿಯಷ್ಟು ಮಾರಾಟವಾಯಿತು. ಗೇಮ್ ಬಾಯ್, ಅದರ ಬಣ್ಣದ ತಮ್ಮನನ್ನೂ ಸೇರಿಸಿ, 11 ಕೋಟಿ 86 ಲಕ್ಷ ದಾಟಿತು.

ಗೇಮ್ ಬಾಯ್‌ನ ಹಿಂದಿದ್ದವರು ನಿಂಟೆಂಡೊದ ಎಂಜಿನಿಯರ್ ಗುನ್‌ಪೇ ಯೊಕೊಯಿ. ರೈಲಿನಲ್ಲಿ ಒಬ್ಬ ನೌಕರ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕುಳಿತದ್ದನ್ನು ನೋಡಿ ಅವರಿಗೆ 1980ರ ‘ಗೇಮ್ ಆ್ಯಂಡ್ ವಾಚ್’ ಎಂಬ ಜೇಬಿನ ಆಟದ ಯಂತ್ರ ಹೊಳೆಯಿತು ಎನ್ನುತ್ತಾರೆ. ಕ್ಯಾಲ್ಕುಲೇಟರಿನ ಪರದೆಯೇ ಅದರ ಪರದೆಯಾಯಿತು. ಅವರ ನೀತಿಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಹೊಸ ತಂತ್ರಜ್ಞಾನದ ಬೆನ್ನು ಹತ್ತಬೇಡ; ಪಳಗಿ ಅಗ್ಗವಾಗಿರುವುದನ್ನು ಯಾರೂ ಯೋಚಿಸದ ಕಡೆ ಹೂಡು. ಇದನ್ನು ಸೆಮಿನಾರಿನಲ್ಲಿ ಧಾರಾಳವಾಗಿ ಹಾಕಿಕೊಳ್ಳಿ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ): ಒಪ್ಪಲಾರೆ ಸರ್. ನೀವು ಯಂತ್ರದ ಕಡೆಯಿಂದ ನೋಡುತ್ತೀರಿ, ಸಹಜ. ಜನ ಸೆಲ್ ಎಣಿಸಿ ಕೊಳ್ಳಲಿಲ್ಲ, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟಕ್ಕಾಗಿ ಕೊಂಡರು. ಗೇಮ್ ಗೇರ್ ಜೊತೆ ಟೆಟ್ರಿಸ್ ಬಂದಿದ್ದರೆ?

ಉತ್ತರ: ಅರ್ಧ ಸೋತೆ ಎಂದೇ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಗೇಮ್ ಬಾಯ್ ಡಬ್ಬಿಯೊಳಗೆ ಟೆಟ್ರಿಸ್ ಇಟ್ಟೇ ಮಾರಿದರು. ಮಾರಿಯೊ ಇಟ್ಟರೆ ಹುಡುಗರು ಮಾತ್ರ ಬರುತ್ತಾರೆ, ಇದನ್ನಿಟ್ಟರೆ ಮನೆಯವರೆಲ್ಲ ಬರುತ್ತಾರೆ ಎಂದು ನಿಂಟೆಂಡೊ ಅಮೆರಿಕದ ಮುಖ್ಯಸ್ಥರನ್ನು ಒಪ್ಪಿಸಿದವರು ಟೆಟ್ರಿಸ್ ಹಕ್ಕಿನ ವ್ಯವಹಾರ ನಡೆಸಿದ ಹೆಂಕ್ ರೋಜರ್ಸ್.

ಆದರೆ ಉಳಿದರ್ಧ ಬಿಟ್ಟುಕೊಡುವುದಿಲ್ಲ. ಗೇಮ್ ಬಾಯ್ ಪರದೆಯಲ್ಲಿ ಬೇಗ ಓಡುವ ಯಾವುದೇ ಚಿತ್ರ ಹಿಂದೆ ನೆರಳು ಬಿಡುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ನಾಲ್ಕೇ ಛಾಯೆ. ಈ ಎರಡು ಕುಂದುಗಳೂ ಬಾಧಿಸದ ಆಟ ಟೆಟ್ರಿಸ್. ತುಂಡುಗಳು ಮೆಲ್ಲಗೆ ಇಳಿಯುತ್ತವೆ, ಬಣ್ಣ ಇಲ್ಲದಿದ್ದರೂ ಆಕಾರದಿಂದಲೇ ಗುರುತು ಸಿಗುತ್ತದೆ. ಆಟ ಪರದೆಗೆ ಒಗ್ಗಿತು. ಗೇಮ್ ಗೇರ್‌ಗೆ ಬಂದ ಎಷ್ಟೋ ಆಟಗಳು ಟಿವಿಗೆಂದು ಮಾಡಿದ್ದನ್ನು ಕುಗ್ಗಿಸಿ ತಂದವು. ಒಳಗಿನ ಯಂತ್ರಾಂಗವೂ ಸೆಗಾದ ಟಿವಿ ಗೇಮ್ ಯಂತ್ರವಾದ ಮಾಸ್ಟರ್ ಸಿಸ್ಟಂನದೇ ಬಂಧು.

ಪೊಕೆಮಾನ್ ವಿಚಾರವನ್ನು ನೀವೇ ಎತ್ತುತ್ತೀರಿ ಎಂದು ಕಾಯುತ್ತಿದ್ದೆ. ಜಪಾನಿನಲ್ಲಿ ಅದು ಬಂದದ್ದು ಫೆಬ್ರುವರಿ 1996ರಲ್ಲಿ. ಆಗ ಗೇಮ್ ಬಾಯ್‌ಗೆ ಏಳು ವರ್ಷ ತುಂಬುತ್ತಿತ್ತು, ಈ ವ್ಯಾಪಾರದಲ್ಲಿ ಮುದಿ ವಯಸ್ಸು. ಎರಡು ಯಂತ್ರಗಳ ನಡುವೆ ಹಾಕುವ ಒಂದು ಸಾಧಾರಣ ಕೇಬಲ್ ಮೊದಲ ದಿನದಿಂದಲೇ ಇತ್ತು. ಅದನ್ನೇ ಹಿಡಿದು ಪೊಕೆಮಾನ್ ಮಕ್ಕಳನ್ನು ಪ್ರಾಣಿಗಳ ಅದಲುಬದಲಿಗೆ ಕೂರಿಸಿತು. ಆ ಆಟ ಬರುವ ತನಕ ಯಂತ್ರ ಬದುಕಿ ಉಳಿದಿತ್ತು. ಏಕೆ ಉಳಿದಿತ್ತು? ಮತ್ತೆ ನನ್ನ ಸೆಲ್ ಡಬ್ಬಿಗೇ ಬರಬೇಕು ನೀವು.

ಪ್ರಶ್ನೆ (ಗೃಹಿಣಿ, ಧಾರವಾಡ): ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ವಿಡಿಯೋ ಗೇಮ್ ಇನ್ನೂ ನನ್ನ ಬಳಿ ಇದೆ. ಮೇಲೆ ‘9999 ಇನ್ 1’ ಎಂದಿದೆ. ಅದೂ ಗೇಮ್ ಬಾಯೇ ಅಲ್ಲವೇ? ಈಗ ಆನ್ ಆಗುತ್ತಿಲ್ಲ.

ಉತ್ತರ: ಅಲ್ಲ ಮೇಡಂ. ಅಂಗಡಿಯವರು ಹಾಗೆ ಹೇಳಿ ಮಾರುತ್ತಿದ್ದರು, ನಾವು ನಂಬುತ್ತಿದ್ದೆವು. ಅದರ ಪರದೆಯಲ್ಲಿ ಹತ್ತು ಕಂಬ, ಇಪ್ಪತ್ತು ಸಾಲು, ಅಚ್ಚು ಹೊಡೆದಂಥ ಚೌಕಗಳು, ಅಷ್ಟೇ. ಒಂದೊಂದು ಚೌಕ ಕಾಣಿಸಿಕೊಳ್ಳಬಲ್ಲದು ಅಥವಾ ಮಾಯವಾಗಬಲ್ಲದು. ಬೇರೆ ಚಿತ್ರ ಬಿಡಿಸಲು ಬರುವುದಿಲ್ಲ. ಆಟ ಬದಲಿಸಲು ಹಾಕುವ ಕಾರ್ಟ್ರಿಜ್ ಇಲ್ಲ. 9999 ಎಂಬುದು ಬರಿಯ ಬಡಾಯಿ; ನಾಲ್ಕಾರು ಆಟಗಳನ್ನೇ ವೇಗ ಬದಲಿಸಿ, ತಲೆಕೆಳಗು ಮಾಡಿ ಎಣಿಸಿರುತ್ತಾರೆ. ಹಾಗೆಂದು ತಾತ್ಸಾರ ಬೇಡ, ಅದೂ ಕ್ಯಾಲ್ಕುಲೇಟರ್ ಪರದೆಯ ವಂಶವೇ. ನಮ್ಮೂರುಗಳ ಎಷ್ಟೋ ಮಕ್ಕಳು ಟೆಟ್ರಿಸ್ ಹೆಸರು ಕೇಳದೆಯೇ ಟೆಟ್ರಿಸ್ ಕಲಿತದ್ದು ಅದರಲ್ಲಿ.

ಸೆಲ್ ಡಬ್ಬಿ ತೆರೆದು ಸ್ಪ್ರಿಂಗ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ಸೆಲ್ ಸೋರಿದೆ. ಹತ್ತಿಗೆ ಸ್ವಲ್ಪ ವಿನೆಗರ್ ಅದ್ದಿ ಉಜ್ಜಿ, ಒಣಗಿಸಿ, ಹೊಸ ಸೆಲ್ ಹಾಕಿ. ನೂರಕ್ಕೆ ಅರವತ್ತು ಅಲ್ಲಿಗೇ ಎದ್ದು ಕೂರುತ್ತವೆ. ಇದು ನನ್ನ ಮೇಜಿನ ಲೆಕ್ಕ, ಶಾಸ್ತ್ರವಲ್ಲ.

ಪ್ರಶ್ನೆ (ಬಿಬಿಎ ವಿದ್ಯಾರ್ಥಿ): ಸರ್, ಹಾಗಾದರೆ ‘ಅಗ್ಗದ, ದುರ್ಬಲ ಯಂತ್ರವೇ ಗೆಲ್ಲುತ್ತದೆ’ ಎಂದು ಬರೆದುಕೊಳ್ಳಲೇ?

ಉತ್ತರ: ಬರೆದುಕೊಂಡರೆ ಪ್ರಶ್ನೆ ಕೇಳುವವರ ಕೈಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಯೊಕೊಯಿ ಅವರ ಕತೆಯೇ ಅದಕ್ಕೆ ಅಡ್ಡ ಬರುತ್ತದೆ. 1996ರಲ್ಲಿ ನಿಂಟೆಂಡೊ ಬಿಟ್ಟ ಮೇಲೆ ಅವರು ಬಂದಾಯ್ ಕಂಪನಿಗಾಗಿ ವಂಡರ್‌ಸ್ವಾನ್ ಯಂತ್ರದ ಕೆಲಸ ಹಿಡಿದರು. ಅದಕ್ಕೆ ಒಂದೇ ಒಂದು ಪೆನ್ಸಿಲ್ ಸೆಲ್. ಬೆಲೆಯೂ ಕಡಿಮೆ. ನನ್ನ ಸೆಲ್ ಸಿದ್ಧಾಂತದ ಪ್ರಕಾರ ಅದು ಜಗತ್ತನ್ನೇ ಗೆಲ್ಲಬೇಕಿತ್ತು. ಯೊಕೊಯಿ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಯಂತ್ರ 1999ರಲ್ಲಿ ಬಂತು, ಜಪಾನಿನ ಹೊರಗೆ ಕಾಲಿಡಲಿಲ್ಲ. ಎದುರಿಗೆ ಪೊಕೆಮಾನ್ ಕಟ್ಟಿಕೊಂಡ ಗೇಮ್ ಬಾಯ್ ಕಲರ್ ನಿಂತಿತ್ತು. ಹುಬ್ಬಳ್ಳಿಯವರು ಇದನ್ನು ಓದಿ ನಗುತ್ತಿರಬೇಕು.

ಬಲಶಾಲಿ ಯಂತ್ರ ಸೋತೇ ತೀರುತ್ತದೆ ಎಂಬುದೂ ಇಲ್ಲ. 2004ರಲ್ಲಿ ಸೋನಿಯ ಪಿಎಸ್‌ಪಿ ಬಂದಾಗ ಅದರ ಪರದೆ ನೋಡಿ ನಾನು ಬಾಯಿ ಬಿಟ್ಟು ನಿಂತಿದ್ದೆ. ಎದುರಾಳಿ ನಿಂಟೆಂಡೊ ಡಿಎಸ್ 15 ಕೋಟಿ ದಾಟಿದ್ದರಿಂದ ಪಿಎಸ್‌ಪಿ ‘ಸೋತಿತು’ ಎನ್ನುತ್ತಾರೆ. ಎಂಟು ಕೋಟಿಯ ಆಸುಪಾಸು ಮಾರಾಟವಾದದ್ದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ.

ನಿಜವಾಗಿ ಮುಳುಗಿದ್ದು ಅದರ ತಮ್ಮ, ಪಿಎಸ್ ವಿಟಾ. ನನ್ನ ಮೇಜಿನ ಮೇಲೆ ಬಂದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಐದು ಇಂಚಿನ ಒಎಲ್‌ಇಡಿ ಪರದೆ, ಅದೂ 2011ರಲ್ಲಿ! ಆದರೆ ಅದಕ್ಕೆ ಹೊರಗಡೆ ಸಿಗುವ ಮೆಮೊರಿ ಕಾರ್ಡ್ ಹಿಡಿಸುವುದಿಲ್ಲ, ಸೋನಿ ತಾನೇ ಮಾಡಿದ್ದು ಬೇಕು. ಅಮೆರಿಕದಲ್ಲಿ 32 ಜಿಬಿ ಕಾರ್ಡಿಗೆ ಮೊದಲಿಗೆ ಇಟ್ಟ ಬೆಲೆ 100 ಡಾಲರ್. ಯಂತ್ರದ ಬೆಲೆಯೇ 250. ಇನ್ನೊಂದು ಕಡೆ, ಜಪಾನಿನಲ್ಲಿ ಪಿಎಸ್‌ಪಿಯನ್ನು ಹೊತ್ತು ನಡೆದಿದ್ದ ‘ಮಾನ್‌ಸ್ಟರ್ ಹಂಟರ್’ ಆಟಗಳ ಸರಣಿ ನಿಂಟೆಂಡೊ 3ಡಿಎಸ್ ಕಡೆಗೆ ಹೊರಟುಹೋಯಿತು. ಇದರ ಜೊತೆಗೆ ಎಲ್ಲರ ಜೇಬಿಗೂ ಸ್ಮಾರ್ಟ್‌ಫೋನ್ ಬಂತು. ಮೂರು ಕಡೆಯಿಂದ ಹೊಡೆತ.

3ಡಿಎಸ್ ಕೂಡ ಅದೇ ವರ್ಷ ಮುಗ್ಗರಿಸಿತ್ತು ಎಂಬುದನ್ನು ಬಿಡಬೇಡಿ. 250 ಡಾಲರಿಗೆ ತಂದು, ಆರೇ ತಿಂಗಳೊಳಗೆ 170ಕ್ಕೆ ಇಳಿಸಿದರು. ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ತಪ್ಪನ್ನು ಆರು ತಿಂಗಳಲ್ಲಿ ಒಪ್ಪಿಕೊಂಡದ್ದು ಒಂದು ಪೈಪೋಟಿಯ ಪಾಠವಾದರೆ, ಅದನ್ನು ನಿಮ್ಮ ಉಪನ್ಯಾಸಕರು ಎರಡು ಅಂಕಕ್ಕೆ ಕೇಳಲಾರರು.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಮೈಸೂರು): ಇತಿಹಾಸ ಚೆನ್ನಾಗಿದೆ ಸರ್, ನನ್ನದು ಸದ್ಯದ ತಲೆನೋವು. ಮಗನಿಗೆ ಹದಿಮೂರು ವರ್ಷ. ನಿಂಟೆಂಡೊ ಸ್ವಿಚ್ 2 ಬೇಕು ಎನ್ನುತ್ತಾನೆ. ಅವನ ಸೋದರಮಾವ ಸ್ಟೀಮ್ ಡೆಕ್ ಕೊಡಿಸು ಎನ್ನುತ್ತಾನೆ. ಯಾವುದು?

ಉತ್ತರ: ಮೇಡಂ, ಮೊದಲು ಮಗ ಆಡಬೇಕೆಂದಿರುವ ಎರಡು ಆಟಗಳ ಹೆಸರು ಕೇಳಿ. ಮಾರಿಯೊ, ಪೊಕೆಮಾನ್, ಜೆಲ್ಡಾ ಎಂದರೆ ಚರ್ಚೆ ಮುಗಿಯಿತು, ಅವುಗಳ ಮುಖ್ಯ ಆಟಗಳು ನಿಂಟೆಂಡೊ ಯಂತ್ರ ಬಿಟ್ಟು ಬೇರೆಡೆ ಸಿಗುವುದಿಲ್ಲ. ಕಂಪ್ಯೂಟರ್ ಆಟಗಳ ಹೆಸರು ಹೇಳಿದರೆ ಸೋದರಮಾವನ ಮಾತಿನಲ್ಲಿ ಹುರುಳಿದೆ. 2022ರ ಸ್ಟೀಮ್ ಡೆಕ್ ಎಂದರೆ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ರಿಯಾಯಿತಿ ಬಂದಾಗ ಕೊಂಡ ಆಟ ಮನೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಇದರಲ್ಲೂ ಓಡುತ್ತದೆ. ಬಿಡಿ ಭಾಗಗಳು ಸಿಗುತ್ತವೆ, ತಿರುಪುಗಳೂ ಸಾಮಾನ್ಯವಾದವು. ರಿಪೇರಿಯವನ ಮನಸ್ಸು ಗೆಲ್ಲಲು ಇನ್ನೇನು ಬೇಕು?

ಆದರೆ ಇವೆರಡೂ ನಮ್ಮಲ್ಲಿ ಸಾಮಾನ್ಯವಾಗಿ ಹೊರದೇಶದಿಂದ ತರಿಸಿ ಮಾರುವ ಸರಕು. ವಾರಂಟಿ ಯಾರದು ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಏನಾದರೂ ಆದರೆ ನಾವಿದ್ದೇವೆ’ ಎನ್ನುವವರು ಆದಾಗ ಫೋನ್ ಎತ್ತುವುದಿಲ್ಲ. ಸ್ಟೀಮ್ ಡೆಕ್‌ನಂಥವೇ ಆದ ಆಸುಸ್‌ನ ಅಲೈ, ಲೆನೊವೊದ ಲೀಜನ್ ಗೋ ಇಲ್ಲೇ ಅಧಿಕೃತವಾಗಿ ಮಾರಾಟಕ್ಕೆ ಬಂದಿವೆ. ವಾರಂಟಿಯೇ ಮುಖ್ಯವಾದರೆ ಅವನ್ನೂ ನೋಡಿ.

ಹಳೆಯದು ಕೊಳ್ಳುವುದಾದರೆ ಒಂದೇ ಪರೀಕ್ಷೆ. ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ (ಹೆಬ್ಬೆರಳಿನಿಂದ ಆಡಿಸುವ ಕಡ್ಡಿ) ಸರಿಪಡಿಸುವ ಪುಟ ತೆರೆದು, ಹೆಬ್ಬೆರಳನ್ನು ಪೂರ್ತಿ ಎತ್ತಿಬಿಡಿ. ಪರದೆಯ ಮೇಲಿನ ಚುಕ್ಕೆ ನಡುವಿನಲ್ಲಿ ಕದಲದೆ ನಿಲ್ಲಬೇಕು. ತಾನಾಗಿ ಒಂದು ಕಡೆ ಜಾರಿದರೆ ಸ್ಟಿಕ್ಕಿನ ಒಳಗಿನ ಇಂಗಾಲದ ಪಟ್ಟಿ ಸವೆದಿದೆ ಎಂದರ್ಥ. ಗಾಳಿ ಊದುವುದರಿಂದ ಅದು ಸರಿಹೋಗುವುದಿಲ್ಲ, ಸ್ಟಿಕ್ಕನ್ನೇ ಬದಲಿಸಬೇಕು.

ಬ್ಯಾಟರಿ? ಸ್ವಿಚ್ 2ಕ್ಕೆ ನಿಂಟೆಂಡೊ ಹೇಳುವುದು ಎರಡರಿಂದ ಆರೂವರೆ ಗಂಟೆ. ಮೊದಲ ಸ್ಟೀಮ್ ಡೆಕ್‌ಗೆ ಎರಡರಿಂದ ಎಂಟು. ಭಾರೀ ಆಟವಾದರೆ ಆ ‘ಎರಡು’ ಮಾತ್ರ ನಂಬಿ. ಗೇಮ್ ಗೇರ್ ಇನ್ನೂ ಸತ್ತಿಲ್ಲ ಮೇಡಂ, ಚಾರ್ಜರ್ ಬಂದಿದೆ ಅಷ್ಟೇ.

ಪ್ರಶ್ನೆ (ಬಿಬಿಎ ವಿದ್ಯಾರ್ಥಿ): ಸರ್, ಕೊನೆಯದು. ಆ ಟ್ಯೂಬ್‌ಲೈಟಿನ ಫೋಟೊ ನನ್ನ ಸ್ಲೈಡಿಗೆ ಬೇಕಿತ್ತು. ಸಿಗಬಹುದೇ?

ಉತ್ತರ: ಫೋಟೊ ಏಕೆ, ಶನಿವಾರ ಮಧ್ಯಾಹ್ನ ಅಂಗಡಿಗೇ ಬನ್ನಿ, ವಿಳಾಸ ಖಾಸಗಿಯಾಗಿ ಕಳುಹಿಸುತ್ತೇನೆ. ಸಂಗ್ರಾಹಕರೊಬ್ಬರ ಗೇಮ್ ಗೇರ್ ಬಂದಿದೆ, ಶಬ್ದವೇ ಇಲ್ಲ. ಒಳಗಿನ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗಗಳು, ಸೋರಿರುತ್ತವೆ, ಈ ಮಾದರಿಯ ಕುಲಧರ್ಮ ಅದು. ಮುಚ್ಚಳ ಎತ್ತಿದ ಕೂಡಲೇ ಮೀನಿನ ವಾಸನೆ ಬರುತ್ತದೆ, ಗಾಬರಿಯಾಗಬೇಡಿ. ಪಕ್ಕದಲ್ಲೇ ಒಂದು ಗೇಮ್ ಬಾಯ್ ಇದೆ, ಪರದೆಯಲ್ಲಿ ಮೂರು ಉದ್ದ ಗೆರೆ ಮಾಯವಾಗಿವೆ. ಪರದೆಯ ಕೆಳ ಅಂಚಿನ ಪಟ್ಟಿಯ ಮೇಲೆ ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಮೆಲ್ಲಗೆ ಎಳೆದರೆ ಒಂದೊಂದೇ ಗೆರೆ ಮರಳಿ ಬರುತ್ತದೆ. ಅದನ್ನೂ ವಿಡಿಯೋ ಮಾಡಿಕೊಳ್ಳಿ.

ಗೇಮ್ ಗೇರ್ ಆನ್ ಮಾಡಿ ನೋಡಬೇಕೆಂದಿದ್ದರೆ ಆರು ಸೆಲ್ ನೀವೇ ತನ್ನಿ.