ದೀರ್ಘ ಸಂಕಟದಲ್ಲಿ ಸಂತೋಷವನ್ನು ಕಂಡುಕೊಂಡವರು ಹೇಳಿರಿ

ಪ್ರಶ್ನೆ, ಹುಮನಾಬಾದಿನಿಂದ:

ನಮ್ಮ ಯಜಮಾನರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ವರ್ಷಗಳೇ ಆದವು. ಮಾತು ನಿಂತಿದೆ. ಸಭೆಯವರು ಬಂದಾಗಲೆಲ್ಲ ‘ಕರ್ತನಲ್ಲಿ ಸಂತೋಷಿಸಿರಿ’ ಎಂಬ ಬೈಬಲ್ ವಚನವನ್ನು ಹೇಳಿ ಪ್ರಾರ್ಥಿಸಿ ಹೋಗುತ್ತಾರೆ. ನಂಬಿಕೆಯನ್ನು ನಾನು ಬಿಟ್ಟಿಲ್ಲ. ಆದರೆ ಸಂತೋಷ ನನ್ನಲ್ಲಿಲ್ಲ, ಇದೆಲ್ಲ ಯಾವ ಉದ್ದೇಶಕ್ಕೆಂಬುದೂ ತಿಳಿಯುತ್ತಿಲ್ಲ. ಬಹುಕಾಲ ನರಳಿದವರು ತಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಬೀದರಿನ ಮಂಗಲಪೇಟೆಯಿಂದ ಒಬ್ಬ ಸಹೋದರಿ:

ಅಕ್ಕಾ, ನನಗೆ ಸಂಧಿವಾತವಿದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಲು ಬಾರದಷ್ಟು ಬಿಗಿದಿರುತ್ತವೆ. ಎರಡೂ ಕೈಗಳನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತು, ಅವು ಸಡಿಲಾದ ಮೇಲೆಯೇ ರೊಟ್ಟಿ ಬಡಿಯಲು ಸಾಧ್ಯ.

ನಿಮಗೆ ಹೇಳುತ್ತಿರುವ ವಚನ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಯೇಸುವಿನ ಅಪೊಸ್ತಲನಾದ ಪೌಲನು ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ್ದು. ಅದನ್ನು ಹೇಳುವವರು ಎರಡನೆಯ ಅಧ್ಯಾಯವನ್ನೂ ಓದಿ ಬರಬೇಕೆಂಬುದು ನನ್ನ ಬಿನ್ನಹ. ಸೆರೆಯಲ್ಲಿದ್ದ ಪೌಲನ ಸೇವೆಗೆಂದು ಫಿಲಿಪ್ಪಿಯಿಂದ ಬಂದಿದ್ದ ಎಪಫ್ರೊದೀತನು ರೋಗಬಿದ್ದು ಸಾಯುವ ಹಾಗಾಗಿದ್ದನು. ದೇವರು ಅವನನ್ನು ಉಳಿಸಿದ್ದರಿಂದ ತನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತೆಂದು ಪೌಲನು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸಂತೋಷಿಸಿರೆಂದು ಹೇಳಿದವನೇ ದುಃಖಕ್ಕೆ ಅಂಜಿದ್ದನೆಂದ ಮೇಲೆ, ನಿಮ್ಮ ಕಣ್ಣೀರನ್ನು ಅಪನಂಬಿಕೆಯೆಂದು ಯಾರೂ ಎಣಿಸಲಾಗದು. ಕೀರ್ತನೆಗಳಲ್ಲಿ 88ನೆಯದನ್ನು ನೋಡಿರಿ. ಗೋಳಾಡಿ ಆರಂಭವಾಗುವ ಹೆಚ್ಚಿನ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಹಗಲಿರುಳು ಮೊರೆಯಿಡುವುದು ದೇವರಿಗೇ. ಸ್ತುತಿ ಬಾಯಿಗೆ ಬಾರದ ದಿನಗಳಲ್ಲಿ ನಾನು ಅದನ್ನೇ ಗಟ್ಟಿಯಾಗಿ ಓದುತ್ತೇನೆ.

ಉದ್ದೇಶದ ವಿಷಯ ನನ್ನನ್ನು ಬಹಳ ಕಾಲ ಕಾಡಿತು. ಯಾವ ಪಾಪಕ್ಕೆ ಈ ಶಿಕ್ಷೆಯೆಂದು ಕೇಳಿದ ನೆಂಟರೂ ಇದ್ದರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಅದನ್ನೇ ಕೇಳಿದಾಗ, ಇವನೂ ಪಾಪ ಮಾಡಲಿಲ್ಲ, ಇವನನ್ನು ಹೆತ್ತವರೂ ಮಾಡಲಿಲ್ಲವೆಂದು ಯೇಸು ಸ್ಪಷ್ಟವಾಗಿ ಹೇಳಿದನು. ಆ ಮಾತನ್ನು ಹಿಡಿದುಕೊಂಡು ನಾನು ಕಾರಣ ಹುಡುಕುವುದನ್ನು ಬಿಟ್ಟೆ. ಕೈಗಳು ನೀರಿನಲ್ಲಿರುವಷ್ಟು ಹೊತ್ತು ಬೇರೇನೂ ಮಾಡಲಾಗದು. ಆ ಹೊತ್ತಿನಲ್ಲಿ ನಮ್ಮ ಸಭೆಯ ರೋಗಿಗಳ ಹೆಸರುಗಳನ್ನು ಒಬ್ಬೊಬ್ಬರದಾಗಿ ಎತ್ತಿ ಪ್ರಾರ್ಥಿಸುವುದು ರೂಢಿಯಾಯಿತು. ವಿಷಯ ತಿಳಿದು, ಪರಿಚಯವಿಲ್ಲದವರು ಕೂಡ ತಮ್ಮ ಮನೆಯವರ ಹೆಸರನ್ನು ಹೇಳಿ ಕಳುಹಿಸತೊಡಗಿದರು. ಅವರಲ್ಲೊಬ್ಬ ತಾಯಿ ಗುಣಮುಖಳಾದ ಮಗಳನ್ನು ಕರೆದುಕೊಂಡು ಭಾನುವಾರದ ಆರಾಧನೆಗೆ ಬಂದು ನನ್ನ ಪಕ್ಕದಲ್ಲಿ ಕೂತಾಗ ನನಗಾದ ಸಂತೋಷ, ನೋವಿಲ್ಲದ ದಿನಗಳಲ್ಲಿಯೂ ನಾನು ಅರಿಯದ ಸಂತೋಷ. ನೋವು ಈಗಲೂ ಇದೆ. ತನ್ನ ಶರೀರದಲ್ಲಿನ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡ ಪೌಲನಿಗೂ ದೊರೆತದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ.

ಒಂದು ಮಾತು ಸೇರಿಸುತ್ತೇನೆ: ಮಾತ್ರೆ ನುಂಗುವುದು ನಂಬಿಕೆಯ ಕೊರತೆಯೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿರಿ. ಪೌಲನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನು.

ಕಲಬುರಗಿಯಿಂದ ಒಬ್ಬ ನಿವೃತ್ತ ಶಿಕ್ಷಕರು:

ತಂಗೀ, ನಮ್ಮ ತಾಯಿಯವರಿಗೂ ಲಕ್ವ ಹೊಡೆದು ಮಾತು ಹೋಗಿತ್ತು. ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸುತ್ತಿದ್ದೆವು. ಆ ದಣಿವು ಎಂಥದ್ದೆಂದು ಬಲ್ಲೆ. ನನ್ನ ಹೆಸರನ್ನು ಕೂಡ ಕರೆಯಲಾರದೆ ಇದ್ದವರು, ಒಂದು ಸಂಜೆ ಪ್ರಾರ್ಥನೆಯಲ್ಲಿ ನಾವು ಹಳೆಯ ಗೀತೆಯೊಂದನ್ನು ಎತ್ತಿಕೊಂಡಾಗ, ನಮ್ಮೊಡನೆ ಸಾಲಿಗೆ ಸಾಲು ಹಾಡಿದರು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿ ಕೆಲವರಿಗೆ ಹಾಡು ಉಳಿದಿರುತ್ತದೆಂದು ಆಮೇಲೆ ವೈದ್ಯರು ತಿಳಿಸಿದರು. ನಿಮ್ಮ ಯಜಮಾನರು ಚಿಕ್ಕಂದಿನಿಂದ ಬಲ್ಲ ಗೀತೆಯನ್ನು ನಿಧಾನವಾಗಿ ಹಾಡಿ ನೋಡಿರಿ. ಅವರಿಗೆ ಬಾರದಿದ್ದರೂ ಹಾಡಿರಿ, ಕೇಳಿಸಿಕೊಳ್ಳಲಿ.

ಅಮೆರಿಕದ ಜೋನಿ ಎರಿಕ್‌ಸನ್ ಟಾಡಾ ಎಂಬವರು 1967ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ನೀರಿಗೆ ಧುಮುಕಿ ಕತ್ತು ಮುರಿದು ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಮುಂದೆ 1979ರಲ್ಲಿ ಅಂಗವಿಕಲರ ಸೇವೆಗೆ ಸಂಸ್ಥೆಯನ್ನು ಕಟ್ಟಿದರು. ಇಂಥವರ ಸಾಕ್ಷಿಯನ್ನು ಹೇಳುವವರು, ಆರಂಭದಲ್ಲಿ ಆಕೆ ಸಾವನ್ನೇ ಬಯಸಿದ್ದರೆಂಬುದನ್ನೂ ಹೇಳಬೇಕು. ಸಂಸ್ಥೆ ಕಟ್ಟುವ ಕರೆ ಎಲ್ಲರಿಗೂ ಇರುವುದಿಲ್ಲ. ‘ರೋಗದಲ್ಲಿ ಬಿದ್ದಿದ್ದಾಗ ನನ್ನನ್ನು ಆರೈಕೆ ಮಾಡಿದಿರಿ’ ಎಂದು ಯೇಸು ಹೇಳುವುದು, ನೀವು ದಿನವೂ ಮಾಡುತ್ತಿರುವ ಕೆಲಸವನ್ನು ಕುರಿತೇ.

ಯಾದಗಿರಿಯಿಂದ ಒಬ್ಬ ನರ್ಸ್:

ಅಕ್ಕಾ, ನಿಮ್ಮ ನಿದ್ದೆಯ ಬಗ್ಗೆ ಯಾರೂ ಕೇಳಲಿಲ್ಲ. ತನ್ನ ಪ್ರಾಣವನ್ನು ತೆಗೆದುಬಿಡೆಂದು ದೇವರಲ್ಲಿ ಬೇಡಿ ಅಡವಿಯಲ್ಲಿ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಬೈಯಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಎರಡನೆಯ ಸಲ ಎಬ್ಬಿಸಿ ಪುನಃ ಉಣ್ಣಲು ಹೇಳಿದನು. ದೇವರು ಅವನೊಡನೆ ಮಾತಾಡಿದ್ದು ಅದಾದ ಮೇಲೆ. ಮುಂದಿನ ಸಲ ಸಭೆಯವರು ಬಂದಾಗ, ವಚನ ಹೇಳಿದ ಬಳಿಕ ಅವರಲ್ಲಿಬ್ಬರು ಎರಡು ತಾಸು ನಿಮ್ಮ ಯಜಮಾನರ ಬಳಿ ಕೂರಲೆಂದು ಸಂಕೋಚವಿಲ್ಲದೆ ಕೇಳಿರಿ. ಮಗ್ಗುಲು ಬದಲಿಸುವುದನ್ನು ಅವರಿಗೆ ತೋರಿಸಿಕೊಟ್ಟು, ನೀವು ಒಳಗೆ ಹೋಗಿ ಮಲಗಿರಿ.