ವಿದೇಶ ಅಧ್ಯಯನದ ಕಲಿಕೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ (ಉಪನ್ಯಾಸಕಿ, ಕಲಬುರಗಿ): ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿ ಬಂದಾಗ, ಅಂಕಪಟ್ಟಿಯಾಚೆಗೆ ಅವರ ಜಾಗತಿಕ ಅರಿವು ಎಷ್ಟು ಬೆಳೆದಿದೆ ಎಂಬುದನ್ನು ನ್ಯಾಯವಾಗಿ ಅಳೆಯುವುದು ಹೇಗೆ? ತೃಪ್ತಿ ಸಮೀಕ್ಷೆಯೊಂದೇ ಸಾಕೇ?

ಉತ್ತರ 1: ಸಾಲದು, ಮೇಡಂ. ಅಮೆರಿಕದ ಕಾಲೇಜು-ವಿಶ್ವವಿದ್ಯಾಲಯಗಳ ಸಂಘವಾದ ಎಎಸಿ ಅಂಡ್ ಯು ರೂಪಿಸಿದ ಗ್ಲೋಬಲ್ ಲರ್ನಿಂಗ್ ರೂಬ್ರಿಕ್ (ಜಾಗತಿಕ ಕಲಿಕೆಯನ್ನು ಅಳೆಯುವ ಮಾನದಂಡಗಳ ಪಟ್ಟಿ), 6 ಆಯಾಮಗಳನ್ನು 1ರಿಂದ 4ರವರೆಗಿನ ಹಂತಗಳಲ್ಲಿಟ್ಟು, ವಿದ್ಯಾರ್ಥಿ ಮಾಡಿದ ಕೆಲಸವನ್ನೇ ಪರಿಶೀಲಿಸುತ್ತದೆ.

ಉತ್ತರ 2: ಹೋಗುವ ಮೊದಲೂ ಬಂದ ಮೇಲೂ ಒಂದೇ ಪ್ರಶ್ನೆ ಕೊಡಿ. ಮೊಜಾಂಬಿಕ್‌ನಿಂದ ಆಮದಾಗುವ ತೊಗರಿಯು ಕಲಬುರಗಿ ಎಪಿಎಂಸಿಯ ಧಾರಣೆಯನ್ನೂ ಅಲ್ಲಿನ ರೈತರ ಬದುಕನ್ನೂ ಹೇಗೆ ತಟ್ಟುತ್ತದೆ ಎಂದು ಬರೆಸಿದರೆ, ಜಾಗತಿಕ ವ್ಯವಸ್ಥೆಯ ತಿಳಿವಳಿಕೆಯ ಆಳ ಸ್ಪಷ್ಟವಾಗಿ ಕಾಣುತ್ತದೆ. ಹೆಸರು ಮರೆಮಾಡಿ, ಇಬ್ಬರು ಅಧ್ಯಾಪಕರು ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಲೇಬೇಕು.

ಉತ್ತರ 3: ಇಲ್ಲಿಯೇ ಉಳಿದ ಸಹಪಾಠಿಗಳಿಂದಲೂ ಬರೆಸಿ, ಇಲ್ಲವಾದರೆ ವಯಸ್ಸಿನೊಂದಿಗೆ ಬಂದ ಪ್ರೌಢಿಮೆಯನ್ನೂ ವಿದೇಶವಾಸದ ಫಲವೆಂದೇ ಎಣಿಸಿಬಿಡುತ್ತೇವೆ.